ಮೊದಲು ಬ್ರೇಕು, ಬಣ್ಣ ಆಮೇಲೆ

ಹಳೇ ಕಾರುಗಳ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳದ್ದೇ. ನನಗೂ ಖುಷಿ. ತುಮಕೂರಿನ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ 1965ರ ಎಂಜಿಬಿ ಒಂದನ್ನು ಆರು ವರ್ಷ ಹಿಡಿದು ಎಬ್ಬಿಸಿ ನಿಲ್ಲಿಸಿದ್ದೇನೆ. ಕೈಯಾರೆ ಮಾಡಿ ಕಲಿತದ್ದನ್ನೇ ಬರೆಯುತ್ತೇನೆ. ಓದುಗರ ಪತ್ರ ಮೊದಲು, ನನ್ನ ಉತ್ತರ ಆಮೇಲೆ.

ತಾತ ಕೊಂಡಿದ್ದ 1966ರ ಎಂಜಿಬಿ ನಮ್ಮ ತೋಟದ ಶೆಡ್ಡಿನಲ್ಲಿ 22 ವರ್ಷದಿಂದ ನಿಂತಿದೆ. ಮೇಲೆಲ್ಲ ತೆಂಗಿನ ಗರಿ, ಸೀಟಿನೊಳಗೆ ಇಲಿ ಗೂಡು. ಟಿಂಕರಿಂಗ್ ಮಾಡುವವರು ಮೊದಲು ಪೇಂಟ್ ಹೊಡೆಸೋಣ ಅಂತಾರೆ. ಎಲ್ಲಿಂದ ಶುರು ಮಾಡಲಿ ಸಾರ್? – ಗುಬ್ಬಿ ತಾಲ್ಲೂಕಿನ ಓದುಗ

ಪೇಂಟ್ ಮಾತ್ರ ಬೇಡ. ಅದು ಕೊನೆಯ ಕೆಲಸ.

ಒಂದು ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್ ತಗೊಂಡು ಕಾರಿನ ಪಕ್ಕ ಕೂತುಕೊಳ್ಳಿ. ಬಾಗಿಲಿನ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಪೆಟ್ಟಿಗೆ ಥರ ಉದ್ದಕ್ಕೆ ಹೋಗುತ್ತಲ್ಲ, ಅದೇ ಸಿಲ್. ಎಂಜಿಬಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಮೇಲೆ ತಗಡಿನ ಟಾಪೂ ಇಲ್ಲದ ಕಾರು, ಹಾಗಾಗಿ ಅದರ ಬೆನ್ನುಮೂಳೆ ಅಂದರೆ ಈ ಎರಡು ಸಿಲ್‌ಗಳೇ. ಅಯಸ್ಕಾಂತ ಹಿಡಿಯದಿದ್ದರೆ ಅಲ್ಲಿರೋದು ಪುಟ್ಟಿ. ಸ್ಕ್ರೂಡ್ರೈವರ್ ಒತ್ತಿದಾಗ ಒಳಗೆ ಹೋದರೆ ತುಕ್ಕು ತಿಂದು ಮುಗಿಸಿದೆ.

ಇಲ್ಲೇ ನನಗೆ ಪೆಟ್ಟು ಬಿದ್ದಿದ್ದು. ಒಂದು ಟಿಂಕರಿಂಗ್ ಶೆಡ್ಡಿಗೆ ಗಾಡಿ ಕೊಟ್ಟೆ. ಅವರು ಎರಡೂ ಕಡೆಯ ಸಿಲ್‌ಗಳನ್ನು ಒಂದೇ ದಿನ ಕತ್ತರಿಸಿ ಎಸೆದರು. ಸಂಜೆ ಹೋಗಿ ನೋಡಿದರೆ ಕಾರು ನಡುವೆ ಕುಸಿದು, ಬಾಗಿಲಿನ ಮೇಲಿನ ಸಂದಿ ಮುಚ್ಚಿಹೋಗಿ, ಬಾಗಿಲು ತೆಗೆಯೋಕೇ ಬರಲಿಲ್ಲ. ಅದನ್ನು ಮತ್ತೆ ನೆಟ್ಟಗೆ ಮಾಡಲು ಒಂದು ವರ್ಷ ಹಿಡಿಯಿತು. ನೀವು ಹೀಗೆ ಮಾಡಿ: ಬಾಗಿಲಿನ ಸುತ್ತ ಸಂದಿ ಎಲ್ಲೆಲ್ಲಿ ಎಷ್ಟಿದೆ ಅಂತ ಮೊದಲೇ ಅಳೆದು ಬರೆದಿಡಿ. ಬಾಗಿಲು ಬಿಚ್ಚಿ, ಆ ಜಾಗಕ್ಕೆ ಅಡ್ಡಡ್ಡ ಆಂಗಲ್ ಕಬ್ಬಿಣ ವೆಲ್ಡ್ ಮಾಡಿಸಿ. ಒಂದು ಕಡೆ ಪೂರ್ತಿ ಮುಗಿದ ಮೇಲೇ ಇನ್ನೊಂದು ಕಡೆ ಮುಟ್ಟಬೇಕು. ನಡುನಡುವೆ ಬಾಗಿಲು ಕೂರಿಸಿ ನೋಡುತ್ತಿರಿ.

ಆಮೇಲೆ ಬ್ರೇಕು. 1966ರ ಗಾಡಿ ಅಂದರೆ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನಲ್ಲಿ ಒಂದೇ ಲೈನು. ಎಲ್ಲಿ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಯಿತು, ಹ್ಯಾಂಡ್‌ಬ್ರೇಕ್ ಒಂದೇ ಗತಿ. ರಬ್ಬರ್ ಹೋಸುಗಳು ಹೊರಗಿನಿಂದ ನೋಡಲು ಚೆನ್ನಾಗೇ ಇರುತ್ತವೆ, ಒಳಗೆ ಊದಿಕೊಂಡು ದಾರಿ ಮುಚ್ಚಿರುತ್ತೆ. ಪೆಡಲ್ ಒತ್ತಿದಾಗ ಆಯಿಲ್ ಹೋಗುತ್ತೆ, ಬಿಟ್ಟಾಗ ವಾಪಸ್ ಬರಲ್ಲ, ಚಕ್ರ ಹಿಡಿದುಕೊಂಡೇ ಇರುತ್ತೆ. ನೋಡೋಕೆ ಚೆನ್ನಾಗಿದೆ ಅಂತ ಒಂದನ್ನೂ ಉಳಿಸಿಕೊಳ್ಳಬೇಡಿ, ಎಲ್ಲ ಹೊಸದು ಹಾಕಿ.

ಎಂಜಿನ್ ಬಗ್ಗೆ ಅಷ್ಟು ಭಯ ಬೇಡ. ಮೊದಲೇ ಸೆಲ್ಫ್ ಹೊಡೆಯಬೇಡಿ, ಅಷ್ಟೇ. ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರ್‌ಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ನಾಲ್ಕು ದಿನ ಹಾಗೇ ಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ ಕಾರನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ಇದು 1798 ಸಿಸಿಯ ಬಿ ಸೀರೀಸ್ ಎಂಜಿನ್. ನಮ್ಮ ಅಂಬಾಸಿಡರ್‌ನಲ್ಲಿ ವರ್ಷಾನುಗಟ್ಟಲೆ ಬಂದ 1489 ಸಿಸಿ ಪೆಟ್ರೋಲ್ ಎಂಜಿನ್ ಇದೇ ವಂಶದ್ದು. ನಿಮ್ಮ ಊರಿನಲ್ಲಿ ಟ್ಯಾಕ್ಸಿ ಕಾಲದ ಅಂಬಾಸಿಡರ್ ಮೇಸ್ತ್ರಿ ಯಾರಾದರೂ ಇದ್ದರೆ ಅವರನ್ನು ಕರೆತನ್ನಿ. ನನ್ನ ಗಾಡಿಯ ಟ್ಯಾಪೆಟ್, ಅಂದರೆ ಎಂಜಿನ್ ವಾಲ್ವ್‌ಗಳ ಸಂದಿ, ಸೆಟ್ ಮಾಡಿಕೊಟ್ಟವರು ಅಂಥ ಒಬ್ಬ ಹಿರಿಯರು. 15 ಥೌ (ಇಂಚಿನ ಸಾವಿರ ಭಾಗದಲ್ಲಿ 15) ದಪ್ಪದ ಫೀಲರ್ ಗೇಜ್ ಪಟ್ಟಿಯನ್ನು ಆ ಸಂದಿಯಲ್ಲಿ ಎಳೆದು, ಬೆರಳಿಗೆ ಸಿಕ್ಕ ಬಿಗಿಯಲ್ಲೇ ಸರಿ ತಪ್ಪು ಹೇಳುತ್ತಿದ್ದರು. ಇಂಥವರ ಹತ್ತಿರ ಈಗಲೇ ಕಲಿತುಕೊಳ್ಳಬೇಕು.

ನನ್ನ 1964ರ ಎಂಜಿಬಿಯಲ್ಲಿ ಬ್ಯಾಟರಿಯ ಪ್ಲಸ್ ವೈರನ್ನು ಬಾಡಿಗೆ ಕೊಟ್ಟಿದ್ದಾರೆ. ಎಲೆಕ್ಟ್ರಿಷಿಯನ್ ಇದು ತಪ್ಪು, ತಿರುಗಿಸಿ ಹಾಕ್ತೀನಿ ಅಂತಾನೆ. ನನಗೆ ಮೊಬೈಲ್ ಚಾರ್ಜರ್ ಬೇಕಿತ್ತು. – ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ತಪ್ಪಲ್ಲ. 1967ರಲ್ಲಿ ಮಾರ್ಕ್ ಟೂ ಅನ್ನೋ ಎರಡನೇ ಮಾದರಿ ಬರುವವರೆಗೆ ಎಂಜಿಬಿಗಳು ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ಬಾಡಿಗೆ ಸೇರಿದ ಹಾಗೆಯೇ ಬರುತ್ತಿದ್ದವು. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತವೆ, ಎರಡೂ ಸೇರಿ 12. ಆದರೆ ಈಗಿನ ಚಾರ್ಜರ್ ನೆಗೆಟಿವ್ ಅರ್ತ್‌ಗೆ ಮಾಡಿದ್ದು. ಹಾಗೇ ಹಾಕಿದರೆ ಸುಟ್ಟುಹೋಗುತ್ತೆ.

ನೆಗೆಟಿವ್‌ಗೆ ಬದಲಾಯಿಸಬಹುದು, ನಾನೂ ಬದಲಾಯಿಸಿದ್ದೇನೆ. ಆದರೆ ಬ್ಯಾಟರಿ ವೈರ್ ತಿರುಗಿಸಿದರೆ ಮಾತ್ರ ಸಾಲದು. ಇಗ್ನಿಷನ್ ಕಾಯಿಲ್‌ನ ಎರಡು ವೈರುಗಳನ್ನು ಅದಲು ಬದಲು ಮಾಡಬೇಕು. ಬ್ಯಾಟರಿ ಚಾರ್ಜ್ ಮಾಡುವ ಡೈನಮೋಗೂ ಹೊಸ ದಿಕ್ಕು ಹೇಳಿಕೊಡಬೇಕು: ಅದರ ಎಫ್ ಟರ್ಮಿನಲ್‌ನ ವೈರ್ ಬಿಚ್ಚಿ, ಬ್ಯಾಟರಿಯ ಪ್ಲಸ್‌ನಿಂದ ಒಂದು ವೈರ್ ತಂದು ಆ ಟರ್ಮಿನಲ್‌ಗೆ ಎರಡು ಮೂರು ಸಲ ಕ್ಷಣಮಾತ್ರ ಮುಟ್ಟಿಸಿದರೆ ಸಾಕು, ಸಣ್ಣ ಕಿಡಿ ಬರುತ್ತೆ. ಆರ್‌ಪಿಎಂ ಮೀಟರ್ ಎಲೆಕ್ಟ್ರಿಕ್ ಆಗಿದ್ದರೆ ಅದರ ಒಳಗೂ ಕೆಲಸ ಇದೆ, ತಿಳಿದವರಿಗೆ ಕೊಡಿ. ಎಲ್ಲ ಮುಗಿದ ಮೇಲೆ ‘ನೆಗೆಟಿವ್ ಅರ್ತ್’ ಅಂತ ಬರೆದು ಬಾನೆಟ್ ಒಳಗೆ ಅಂಟಿಸಿ. ಮುಂದೆ ಆ ಗಾಡಿ ಮುಟ್ಟುವವರಿಗೆ ಗೊತ್ತಾಗಬೇಕು.

ನನ್ನದು 1968ರ ಟ್ರಯಂಫ್ ಸ್ಪಿಟ್‌ಫೈರ್. ನಂದಿ ಬೆಟ್ಟ ಹತ್ತುವಾಗ ಆಕ್ಸಿಲರೇಟರ್ ಒತ್ತಿದ ತಕ್ಷಣ ಎಂಜಿನ್ ಮುಗ್ಗರಿಸುತ್ತೆ, ಆಮೇಲೆ ಎಳೆಯುತ್ತೆ. ಗೆಳೆಯರೆಲ್ಲ ಇದನ್ನು ಕಿತ್ತು ಹೊಸ ಕಾರಿನ ಎಂಜಿನ್, ಎಸಿ ಎಲ್ಲ ಹಾಕಿಸು ಅಂತಾರೆ. – ಚಿಕ್ಕಬಳ್ಳಾಪುರದ ಓದುಗ

ಎಂಜಿನ್ ಕೀಳುವ ಮುಂಚೆ, ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಎಸ್‌ಯು ಕಂಪನಿಯ ಕಾರ್ಬುರೇಟರ್‌ಗಳ ತಲೆಯ ಮೇಲಿನ ಮುಚ್ಚಳ ತಿರುಗಿಸಿ ಎತ್ತಿ ನೋಡಿ. ಅದರ ಜೊತೆ ಒಂದು ಸಣ್ಣ ಕಡ್ಡಿ ಬರುತ್ತೆ. ವಾಪಸ್ ಇಳಿಸುವಾಗ ಅದು ಆಯಿಲ್‌ನ ತಡೆ ಸಿಕ್ಕ ಹಾಗೆ ನಿಧಾನಕ್ಕೆ ಇಳಿಯಬೇಕು. ಸುಮ್ನೆ ಜಾರಿ ಬಿದ್ದರೆ ಒಳಗೆ ಆಯಿಲ್ ಖಾಲಿ. ಆಯಿಲ್ ಇಲ್ಲದಿದ್ದರೆ ನೀವು ಒತ್ತಿದ ತಕ್ಷಣ ಕಾರ್ಬುರೇಟರ್ ಒಳಗಿನ ಪಿಸ್ಟನ್ ಮೇಲಕ್ಕೆ ಹಾರುತ್ತೆ, ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ ಆಗುತ್ತೆ, ಎಂಜಿನ್ ಮುಗ್ಗರಿಸುತ್ತೆ. ತೆಳು ಆಯಿಲ್ ತುಂಬಿ ಮತ್ತೆ ಬೆಟ್ಟ ಹತ್ತಿ ನೋಡಿ. ನಿಮ್ಮ ಕಾಯಿಲೆ ಇದೇ ಅಂತ ನನಗೆ ಅನಿಸುತ್ತೆ.

ಎಂಜಿನ್ ಬದಲಾವಣೆ ನನಗೆ ಇಷ್ಟವಿಲ್ಲ, ನೇರವಾಗಿ ಹೇಳಿಬಿಡುತ್ತೇನೆ. ಕಾನೂನೂ ಬಿಡಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮಾಡಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2021ರಲ್ಲಿ ಬಂದ ವಿಂಟೇಜ್ ನಿಯಮಗಳನ್ನೂ ಓದಿ. ಮೊದಲ ಸಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗದ ಗಾಡಿಗೆ ‘ವಿಎ’ ಅಕ್ಷರ ಇರುವ ನಂಬರ್ ಸಿಗುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತೆ. ಅದನ್ನು ತಗೊಂಡರೆ ದಿನಾ ಓಡಿಸೋ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ. ನಿಮ್ಮ ಗಾಡಿ ಈಗಲೇ ಅರ್ಹ ಇರಬಹುದು. ಎಂಜಿನ್ ಕಿತ್ತರೆ ಆ ಬಾಗಿಲು ಮುಚ್ಚಿತು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಮುಂದಿನ ಚಕ್ರ ತಿರುಗುವ ಕಡೆ ಕೆಳಗಡೆ ಟ್ರನಿಯನ್ ಅಂತ ಇದೆ. ಅದಕ್ಕೆ ಗ್ರೀಸ್ ಅಲ್ಲ, 90 ನಂಬರ್ ಗೇರ್ ಆಯಿಲ್ ಹಾಕಬೇಕು. ಆಯಿಲ್ ಕಾಣದೆ ಒಣಗಿದರೆ ಒಳಗಿನ ಥ್ರೆಡ್ ಸವೆದು ತುಂಡಾಗುತ್ತೆ, ಚಕ್ರ ಮಡಚಿಕೊಳ್ಳುತ್ತೆ. ಬೆಟ್ಟ ಇಳಿಯುವಾಗ ಹಾಗಾದರೆ ಏನು ಗತಿ? ಸ್ಪಿಟ್‌ಫೈರ್ ಹುಟ್ಟಿದ್ದೇ ಹೆರಾಲ್ಡ್ ಕಾರಿನ ಆಧಾರದ ಮೇಲೆ, ಆ ಹೆರಾಲ್ಡ್ 1961ರಿಂದ ಮದರಾಸಿನಲ್ಲೂ ತಯಾರಾಗುತ್ತಿತ್ತು. ಸ್ಟಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರ ಸ್ನೇಹ ಮಾಡಿ, ಹಳೇ ಸಾಮಾನು ಎಲ್ಲಿ ಸಿಗುತ್ತೆ ಅನ್ನೋದು ಅವರಿಗೆ ಗೊತ್ತಿರುತ್ತೆ.

ಈಗಿನ ಎಥೆನಾಲ್ ಪೆಟ್ರೋಲ್ ಈ ಗಾಡಿಗಳಿಗೆ ಆಗುತ್ತಾ? – ಶ್ರೀನಿವಾಸಪುರ

ಓಡುತ್ತೆ, ಆದರೆ ಹಳೇ ರಬ್ಬರ್ ಪೈಪನ್ನು ತಿಂದುಹಾಕುತ್ತೆ. ಎಥೆನಾಲ್ ತಡೆಯುವ ಪೈಪ್ ಹಾಕಿಸಿ. ಎಥೆನಾಲ್ ನೀರು ಹೀರಿಕೊಳ್ಳುತ್ತೆ, ಹಾಗಾಗಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ. ಮಿಕ್ಸ್ಚರ್‌ನಲ್ಲಿ ಪೆಟ್ರೋಲ್ ಪಾಲು ಸ್ವಲ್ಪ ಜಾಸ್ತಿ ಬೇಕಾಗುತ್ತೆ: ಎಸ್‌ಯು ಕಾರ್ಬುರೇಟರ್ ಕೆಳಗಿನ ಜೆಟ್ ನಟ್ಟನ್ನು ಒಂದು ಸಲಕ್ಕೆ ಸುತ್ತಿನ ಆರನೇ ಒಂದು ಭಾಗ ಮಾತ್ರ ಕೆಳಗಿಳಿಸಿ, ಓಡಿಸಿ, ಪ್ಲಗ್‌ನ ಬಣ್ಣ ನೋಡಿ.

ಬೋಲ್ಟುಗಳ ತಲೆಯೆಲ್ಲ ಉರುಟಾಗುತ್ತಿವೆ. ಸ್ಪ್ಯಾನರ್ ಒಳ್ಳೆ ಕಂಪನಿಯದ್ದೇ. – ಶಿರಾ

ಕಂಪನಿ ಸರಿ, ಅಳತೆ ತಪ್ಪು. ಇವು ಇಂಚಿನ ಬೋಲ್ಟು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಕೂರುತ್ತೆ, ಬಲ ಬಿದ್ದಾಗ ಜಾರುತ್ತೆ. ಬೆಂಗಳೂರಿನ ಜೆಸಿ ರೋಡಿಗೆ ಹೋದಾಗ ಇಂಚಿನ ಸೆಟ್ ಕೇಳಿ ತನ್ನಿ. ಅಲ್ಲಿಯವರೆಗೆ ಬ್ರೇಕ್ ಪೈಪಿನ ನಟ್ಟುಗಳನ್ನು ಮುಟ್ಟಬೇಡಿ.