ಒಂದೇ ಸಲ ‘ಬೇಡ’ ಅನ್ನೋದು

ತಮ್ಮ, ನಿನ್ನ ಪ್ರಶ್ನೆಗಳನ್ನೆಲ್ಲ ಓದಿದೆ. ಸೆಪ್ಟೆಂಬರ್‌ನಲ್ಲಿ ಮೈಸೂರಿನಿಂದ ಮ್ಯಾಂಚೆಸ್ಟರ್‌ಗೆ ಮಾಸ್ಟರ್ಸ್ ಮಾಡಲು ಹೊರಟಿದ್ದೀಯ. ರೂಮು, ಪಾರ್ಟ್‌ಟೈಮ್ ಕೆಲಸ ಎಲ್ಲ ಕೇಳಿ, ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯ: “ಕ್ಲಾಸಿನವರು ಪಬ್‌ಗೆ ಕರೆದರೆ ಹೋಗಬಹುದಾ ಅಣ್ಣ? ಕುಡಿಯೋದರಲ್ಲಿ ಏನೋ ಬೆರೆಸುತ್ತಾರಂತೆ ಅಂತ ಅಮ್ಮ ಹೆದರಿದ್ದಾರೆ. ಅದೆಲ್ಲ ಹುಡುಗಿಯರಿಗೆ ತಾನೇ?”

ಆ ಕೊನೆಯ ಸಾಲಿಗೇ ಮೊದಲು ಉತ್ತರ ಕೊಡುತ್ತೇನೆ. ಹೋಗಬಹುದು. ಬೆರೆಸುವ ಕಾಟ ಹುಡುಗಿಯರಿಗೆ ಜಾಸ್ತಿ, ಆದರೆ ಹುಡುಗರನ್ನೂ ಬಿಟ್ಟಿಲ್ಲ.

ನಾನು ಮಂಡ್ಯದವನು. 2009ರಿಂದ ಇಂಗ್ಲೆಂಡಿನಲ್ಲಿದ್ದೇನೆ, ಈಗ ರಜೆಗೆ ಊರಿಗೆ ಬಂದಿದ್ದೇನೆ. ನಿನ್ನೆ ಮಧ್ಯಾಹ್ನ ಅತ್ತೆ ಮನೆಯಲ್ಲಿ ಊಟ. ಎರಡನೇ ಮುದ್ದೆ ಬೇಡ ಅಂದೆ. “ಅರ್ಧ ಕಣಪ್ಪ” ಅಂದರು. ತಟ್ಟೆಗೆ ಕೈ ಅಡ್ಡ ಹಿಡಿದೆ. ಕೈ ಸರಿಸಿ ಇಡೀ ಮುದ್ದೆಯನ್ನೇ ಇಟ್ಟರು. ನಮ್ಮ ಕಡೆ ಹಾಗೇ ಅಲ್ವಾ? ಮೂರು ಸಲ ಬೇಡ ಅಂದು ನಾಲ್ಕನೇ ಸಲ ಹಾಕಿಸಿಕೊಳ್ಳುವುದೇ ಮರ್ಯಾದೆ. ಹೊರದೇಶದ ಬಾರ್‌ನಲ್ಲಿ ನಮ್ಮನ್ನು ಹಳ್ಳಕ್ಕೆ ಬೀಳಿಸುವುದು ಇದೇ ದಾಕ್ಷಿಣ್ಯ. ನಾನೇ ಬಿದ್ದಿದ್ದೇನೆ.

2013ರಲ್ಲಿ ಆಫೀಸಿನ ಗೆಳೆಯನ ಜೊತೆ ಹಂಗೇರಿಯ ಬುಡಾಪೆಸ್ಟ್‌ಗೆ ಹೋಗಿದ್ದೆ. ವಾತ್ಸಿ ಬೀದಿ ಅಂತ ಇದೆ, ಪ್ರವಾಸಿಗರೆಲ್ಲ ಅಡ್ಡಾಡುವ ಜಾಗ. ಸಂಜೆ ಹೊತ್ತು ಇಬ್ಬರು ಹುಡುಗಿಯರು ಬಂದು ಯಾವುದೋ ದಾರಿ ಕೇಳಿದರು. ನಾವೂ ಹೊಸಬರು ಅಂದೆವು. ನಕ್ಕರು. “ಹಾಗಾದರೆ ಬನ್ನಿ, ಹತ್ತಿರದಲ್ಲೇ ಒಂದು ಒಳ್ಳೇ ಜಾಗ ಇದೆ” ಅಂದರು. ದಾರಿ ಗೊತ್ತಿಲ್ಲದವರಿಗೆ ಬಾರ್ ಮಾತ್ರ ಹೇಗೆ ಗೊತ್ತು? ಆಗ ಹೊಳೆಯಲೇ ಇಲ್ಲ. ಅವರು ಕಾಕ್‌ಟೇಲ್ ತರಿಸಿದರು, ನಾವು ಬಿಯರ್. ಮೆನುವಿನಲ್ಲಿ ಬಿಯರ್ ರೇಟು ಕಂಡು ಸುಮ್ಮನಾದೆವು, ಕಾಕ್‌ಟೇಲ್ ರೇಟು ನೋಡಲಿಲ್ಲ. ಬಿಲ್ಲು ಬಂತು: 1,50,000 ಫೋರಿಂಟ್, ಅದು ಅಲ್ಲಿನ ದುಡ್ಡು. ಆಗಿನ ಲೆಕ್ಕಕ್ಕೆ ಸುಮಾರು 500 ಯೂರೋ. ಬಾಗಿಲ ಹತ್ತಿರ ಇಬ್ಬರು ದಾಂಡಿಗರು. ಒಬ್ಬ ನನ್ನ ಜೊತೆ ಎಟಿಎಂವರೆಗೆ ನಡೆದುಕೊಂಡು ಬಂದ. ಮಳೆ ಹನಿಯುತ್ತಿತ್ತು, ನನ್ನ ತಲೆ ಮೇಲೆ ಕೊಡೆ ಹಿಡಿದಿದ್ದ! ಟೋಪಿ ಹಾಕಿಸಿಕೊಂಡವನಿಗೆ ಕೊಡೆ ಬೇರೆ.

ಆ ಊರಿನಲ್ಲಿ ಈ ಮೋಸ ಎಷ್ಟು ಹಳೆಯದು ಅಂದರೆ, ಹೀಗೆ ಗಿರಾಕಿ ಹಿಡಿದು ತರುವ ಹುಡುಗಿಯರಿಗೆ ಅವರ ಭಾಷೆಯಲ್ಲಿ ಒಂದು ಹೆಸರೇ ಇದೆ, ‘ಕೊಂಜುಮ್‌ಲಾನ್’ ಅಂತ. ಇಸ್ತಾಂಬುಲ್‌ನ ತಕ್ಸಿಮ್ ಕಡೆ ಗಂಡಸರೇ ಸ್ನೇಹ ಬೆಳೆಸಿ ಕರೆದುಕೊಂಡು ಹೋಗುತ್ತಾರೆ. ನಮ್ಮ ದೆಹಲಿಯಲ್ಲೂ ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯ ಮಾಡಿಕೊಂಡು ಹೀಗೇ ಮಾಡುತ್ತಾರೆ. ಜಾಗವನ್ನು ಅವರೇ ಆರಿಸುತ್ತಾರೆ, ಅದೇ ಗುರುತು. “ಅಲ್ಲಿ ಬೇಡ, ಈ ಎದುರುಗಡೆ ಕೂರೋಣ” ಅಂದು ನೋಡು, ಸ್ನೇಹ ಅಲ್ಲಿಗೇ ಮುಗಿಯುತ್ತದೆ. ಅಕಸ್ಮಾತ್ ಸಿಕ್ಕಿಬಿದ್ದರೆ ಜಗಳಕ್ಕೆ ನಿಲ್ಲಬೇಡ. ಕೊಟ್ಟು ಹೊರಗೆ ಬಾ, ರಸೀತಿ ಇಟ್ಟುಕೋ, ಯೂರೋಪಿನಲ್ಲಿ ತುರ್ತು ನಂಬರ್ 112ಕ್ಕೆ ಫೋನ್ ಮಾಡು, ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಫ್ರೀಜ್ ಮಾಡು. ಕಾರ್ಡ್‌ನಲ್ಲಿ ಕೊಟ್ಟಿದ್ದರೆ ಬ್ಯಾಂಕಿಗೆ ದೂರು ಕೊಡಬಹುದು. ನನ್ನ ಹಾಗೆ ನೋಟು ಎಣಿಸಿ ಕೊಟ್ಟರೆ ಮುಗೀತು.

ಇಂಗ್ಲೆಂಡಿನ ಪಬ್‌ನಲ್ಲಿ ಈ ಬಿಲ್ಲಿನ ಭಯ ಅಷ್ಟಿಲ್ಲ. ಕೌಂಟರ್‌ಗೆ ನೀನೇ ಹೋಗಿ ಹೇಳಬೇಕು, ಅಲ್ಲೇ ದುಡ್ಡು ಕೊಡಬೇಕು, ಗ್ಲಾಸು ನೀನೇ ಹಿಡಿದು ಬರಬೇಕು. ಸುರಿಯುವುದೂ ಕಣ್ಣಿಗೆ ಕಾಣುತ್ತದೆ. ತೊಂದರೆ ಇರುವುದು ‘ರೌಂಡ್’ ಪದ್ಧತಿಯಲ್ಲಿ. ಒಬ್ಬೊಬ್ಬರು ಒಂದೊಂದು ಸಲ ಎಲ್ಲರಿಗೂ ಕೊಡಿಸುತ್ತಾರೆ. ಆರು ಜನ ಇದ್ದರೆ ಆರು ಪೈಂಟ್. ಒಂದು ಪೈಂಟ್ ಅಂದರೆ 568 ಎಂಎಲ್, ಲೆಕ್ಕ ಹಾಕಿಕೋ. “ಈ ರೌಂಡಿಗೆ ನನ್ನ ಬಿಟ್ಟುಬಿಡಿ” ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೋಕ್ ಹಿಡಿದು ಕೂತರೂ ಯಾರೂ ಕೇಳುವುದಿಲ್ಲ.

ಈಗ ಬೆರೆಸುವ ವಿಚಾರ. ನಾಲ್ಕು ವರ್ಷದ ಹಿಂದೆ, ನಿನ್ನ ಹಾಗೇ ಮೈಸೂರಿನ ಹುಡುಗ. ರಾತ್ರಿ ಒಂದು ಗಂಟೆಗೆ ಅವನ ರೂಮ್‌ಮೇಟ್ ನನಗೆ ಫೋನ್ ಮಾಡಿದ. ಹೋದರೆ, ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ವಾಂತಿಗೆ ಕೊಡುವ ಬೂದು ರಟ್ಟಿನ ಬಟ್ಟಲನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದ. ಬಿಚ್ಚಿದ್ದ ಶೂ ಲೇಸು ಕಟ್ಟಲು ಬಗ್ಗುತ್ತಿದ್ದ, ಬೆರಳು ಮಾತು ಕೇಳುತ್ತಿರಲಿಲ್ಲ. ಹತ್ತಿರ ಬಂದ ನರ್ಸ್‌ಗಳಿಗೆಲ್ಲ ಸಾರಿ, ಸಾರಿ. ಕುಡಿದಿದ್ದು ಒಂದು ಬಿಯರ್, ಆಮೇಲೆ ಕ್ಲಬ್ಬಿನಲ್ಲಿ ಯಾರೋ ತಂದುಕೊಟ್ಟ ಗ್ಲಾಸಿನಲ್ಲಿ ಅರ್ಧ. “ಬೇಡ ಅಂದರೆ ಏನಂದುಕೋತಾರೋ ಅಂತ ಕುಡಿದೆ ಅಣ್ಣ” ಅಂದ.

ಪೊಲೀಸರಿಗೆ ಹೇಳೋಣ ಅಂದೆ. ವೀಸಾಗೆ ತೊಂದರೆ ಆಗುತ್ತೆ ಅಂತ ಕೈ ಹಿಡಿದುಕೊಂಡ. ಒಪ್ಪುವಷ್ಟರಲ್ಲಿ ಮರುದಿನ ಸಂಜೆ. ಹೀಗೆ ಬೆರೆಸುವ ಜಿಎಚ್‌ಬಿ ಅನ್ನೋ ಮಾದಕದ್ರವ್ಯದ ಥರದ್ದಾದರೆ ಸುಮಾರು 12 ಗಂಟೆಯಲ್ಲಿ ಮೂತ್ರದಲ್ಲೂ ಸಿಗುವುದಿಲ್ಲ. ಏನು ಕುಡಿಸಿದ್ದರೋ, ಇವತ್ತಿಗೂ ಗೊತ್ತಿಲ್ಲ. ದೂರು ಕೊಟ್ಟಿದ್ದಕ್ಕೆ ವೀಸಾ ಹೋಗುವುದಿಲ್ಲ ಕಣಪ್ಪ. ನೀನು ಮೋಸ ಹೋದವನು, ಮಾಡಿದವನಲ್ಲ. ಆಸ್ಪತ್ರೆ ಖರ್ಚಿಗೂ ಹೆದರಬೇಡ, ವೀಸಾ ಜೊತೆಗೇ ಆರೋಗ್ಯದ ಶುಲ್ಕ ಕಟ್ಟಿರುತ್ತೀಯ. ಅಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ, ಪರೀಕ್ಷೆ ಬೇಕು ಅಂತ ಪೊಲೀಸರನ್ನೇ ಬೇಗ ಕೇಳಬೇಕು.

ಪುಡಿ, ಮಾತ್ರೆ ಅಂತ ಎಲ್ಲರೂ ಹೆದರುತ್ತಾರೆ. ಗೊತ್ತಿಲ್ಲದ ಹಾಗೆ ಹೆಂಡವನ್ನೇ ಜಾಸ್ತಿ ಹಾಕಿಸುವುದೂ ಬೆರೆಸುವುದೇ. ಅಲ್ಲಿ ವಿಸ್ಕಿ, ವೋಡ್ಕಾ ಥರದ್ದರಲ್ಲಿ ಸಿಂಗಲ್ ಅಂದರೆ 25 ಅಥವಾ 35 ಎಂಎಲ್. ನೀನು ಸಿಂಗಲ್ ಕೇಳಿದ್ದಕ್ಕೆ ಗೆಳೆಯ ತಮಾಷೆಗೆ ಡಬಲ್ ಹಾಕಿಸಿದರೆ ಕೋಕ್ ಜೊತೆ ರುಚಿಯೇ ಗೊತ್ತಾಗುವುದಿಲ್ಲ. ಒಬ್ಬರನ್ನು ಪೀಡಿಸಲು ಹೀಗೆ ಏನಾದರೂ ಕುಡಿಸುವುದು ಅಲ್ಲಿ 1861ರ ಕಾನೂನಿನಲ್ಲೇ ಅಪರಾಧ. ನೀನೂ ಯಾರಿಗೂ ಮಾಡಬೇಡ.

ಗ್ಲಾಸು ಟೇಬಲ್ ಮೇಲೆ ಬಿಟ್ಟು ಟಾಯ್ಲೆಟ್‌ಗೆ ಹೋದೆಯಾ, ವಾಪಸ್ ಬಂದು ಅದನ್ನು ಮುಟ್ಟಬೇಡ. ಐದು ಪೌಂಡ್ ಹೋಯ್ತು ಅಂತ ಹೊಟ್ಟೆ ಉರಿಯುತ್ತದೆ, ಉರಿಯಲಿ. ಕುಡಿದಿದ್ದು ಕಮ್ಮಿ, ತಲೆ ತಿರುಗುವುದು ಜಾಸ್ತಿ ಅನ್ನಿಸಿದರೆ ಒಬ್ಬನೇ ಹೊರಗೆ ಹೋಗಬೇಡ. ಹೊಸದಾಗಿ ಸಿಕ್ಕವನು ರೂಮಿಗೆ ಬಿಡುತ್ತೇನೆ ಅಂದರೆ ಅವನ ಜೊತೆಯಂತೂ ಬೇಡವೇ ಬೇಡ. ನೇರ ಕೌಂಟರ್‌ಗೆ ಹೋಗು. ಎಷ್ಟೋ ಪಬ್‌ಗಳಲ್ಲಿ “ಏಂಜೆಲಾ ಇದ್ದಾರಾ?” ಅಂತ ಕೇಳಿದರೆ ಸಾಕು, ಸಹಾಯ ಬೇಕು ಅಂತ ಕೆಲಸದವರಿಗೆ ಅರ್ಥವಾಗುತ್ತದೆ. 2016ರಲ್ಲಿ ಲಿಂಕನ್‌ಶೈರ್‌ನಲ್ಲಿ ಶುರುವಾದ ಪದ್ಧತಿ. ನಿನ್ನ ಕ್ಲಾಸಿನ ಹುಡುಗಿಯರಿಗೂ ಹೇಳು.

ಅಮ್ಮನಿಗೆ ಪಬ್‌ಗೆ ಹೋಗಲ್ಲ ಅಂತ ಸುಳ್ಳು ಹೇಳಬೇಡ. ಆ ಹುಡುಗ ಅಮ್ಮನಿಗೆ ಹಾಗೇ ಹೇಳಿದ್ದ, ಅದಕ್ಕೇ ಆ ರಾತ್ರಿ ಮನೆಗೆ ಫೋನ್ ಮಾಡಲಾಗದೆ ಒದ್ದಾಡಿದ.

ರೂಮಿನ ವಿಚಾರ ನಾಳೆ ಬರೆಯುತ್ತೇನೆ. ಇಲ್ಲಿ ಕರೆಂಟ್ ಹೋಯ್ತು, ಫೋನ್ ಚಾರ್ಜ್ ಐದು ಪರ್ಸೆಂಟ್ ಇದೆ.