ಎದುರಾಳಿಯನ್ನು ‘ಹುಳ’ ಎಂದು ಕರೆದರೆ ಏನಾಗುತ್ತದೆ?

ರಾಜಕಾರಣಿಗಳ ಬೈಗುಳದಿಂದ ಬೆಂಬಲಿಗರ ನಡುವಿನ ಬಿರುಕು ನಿಜವಾಗಿಯೂ ಹೆಚ್ಚುತ್ತದೆಯೇ ಎಂದು ಕೇಳಿದ್ದೀರಿ. ಹೆಚ್ಚುತ್ತದೆ. ‘ನಿನ್ನ ನೀತಿ ತಪ್ಪು’ ಎಂದರೆ ವಾದಕ್ಕೆ ಜಾಗ ಉಳಿಯುತ್ತದೆ. ‘ನೀನು ಹುಳ’ ಎಂದಮೇಲೆ ಮಾತಾಡುವುದಕ್ಕೇನಿದೆ?

ಅಮೆರಿಕವನ್ನೇ ನೋಡಿ. 2016ರ ಸೆಪ್ಟೆಂಬರಿನಲ್ಲಿ, ಅಧ್ಯಕ್ಷ ಚುನಾವಣೆಯಲ್ಲಿ ಟ್ರಂಪ್‌ಗೆ ಎದುರಾಳಿಯಾಗಿದ್ದ ಹಿಲರಿ ಕ್ಲಿಂಟನ್ ಅವರ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು ‘ಡಿಪ್ಲೋರಬಲ್ಸ್’, ಅಂದರೆ ಹೇಯ ಜನ, ಎಂಬ ಬುಟ್ಟಿಗೆ ಹಾಕಿದರು. ‘ಅರ್ಧ’ ಎಂದದ್ದಕ್ಕೆ ಮರುದಿನವೇ ವಿಷಾದಿಸಿದರು. ಅಷ್ಟರಲ್ಲಿ ಮಾತು ಕೈಜಾರಿತ್ತು. ಆ ಪದವನ್ನೇ ಟೀಶರ್ಟಿನ ಮೇಲೆ ಅಚ್ಚು ಹಾಕಿಸಿಕೊಂಡು ಜನ ರ‍್ಯಾಲಿಗಳಿಗೆ ಬಂದರು; ಅವಮಾನ ಅವರನ್ನು ಒಂದುಗೂಡಿಸಿತು. 2023ರ ನವೆಂಬರಿನಲ್ಲಿ ಟ್ರಂಪ್ ತಮ್ಮ ಎಡಪಂಥೀಯ ವಿರೋಧಿಗಳನ್ನು ಹುಳುಹುಪ್ಪಟೆಗಳಂತೆ ಬದುಕುವವರೆಂದು ಕರೆದು, ಬೇರುಸಹಿತ ಕಿತ್ತುಹಾಕುವುದಾಗಿ ಹೇಳಿದರು. ನನಗೆ ಇದು ಮೊದಲನೆಯದಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಹುಳದೊಂದಿಗೆ ಯಾರೂ ಚರ್ಚಿಸುವುದಿಲ್ಲ, ಔಷಧಿ ಹೊಡೆಯುತ್ತಾರೆ.

ಇನ್ನೊಂದು ಪರಿಣಾಮ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಬೈಸಿಕೊಂಡವರು ‘ಆ ಕಡೆಯವರೆಲ್ಲ ನಮ್ಮನ್ನು ಹೀಗೇ ಕಾಣುತ್ತಾರೆ’ ಎಂದು ನಂಬತೊಡಗುತ್ತಾರೆ. ಹೇಳಿದ್ದು ಒಬ್ಬ ನಾಯಕ. ಸಿಟ್ಟು ತಿರುಗುವುದು ಪಕ್ಕದ ಮನೆಯವನ ಮೇಲೆ. ತಮ್ಮ ನಾಯಕನ ಮಾತು ಅತಿಯಾಯಿತು ಎನ್ನಿಸಿದವರೂ ದ್ರೋಹಿ ಎನಿಸಿಕೊಳ್ಳುವ ಅಂಜಿಕೆಯಿಂದ ಸುಮ್ಮನಾಗುತ್ತಾರೆ.

ಇದರ ಕೊನೆಯ ತುದಿ ಆಫ್ರಿಕಾದ ರುವಾಂಡಾ. ಅಲ್ಲಿ ಬಹುಸಂಖ್ಯಾತ ಹುಟು ಸಮುದಾಯದ ಉಗ್ರವಾದಿಗಳ ರೇಡಿಯೊ ಆರ್‌ಟಿಎಲ್‌ಎಂ, ಅಲ್ಪಸಂಖ್ಯಾತ ಟುಟ್ಸಿ ಸಮುದಾಯದವರನ್ನು ಜಿರಳೆಗಳೆಂದು ಕರೆಯುತ್ತಿತ್ತು. 1994ರಲ್ಲಿ ಸುಮಾರು 100 ದಿನಗಳಲ್ಲಿ ಲಕ್ಷಾಂತರ ಜನ ಕೊಲೆಯಾದರು. ರೇಡಿಯೊ ಒಂದೇ ಕಾರಣವಲ್ಲ, ಆದರೆ ನೆರೆಯವನ ಮೇಲೆ ಮಚ್ಚು ಎತ್ತುವ ಕೈಗಿರಬೇಕಾದ ಹಿಂಜರಿಕೆಯನ್ನು ಆ ಪದ ತಿಂಗಳುಗಟ್ಟಲೆ ಸವೆಸಿತ್ತು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೊದ ಇಬ್ಬರು ಸ್ಥಾಪಕರನ್ನು ತಪ್ಪಿತಸ್ಥರೆಂದು ಘೋಷಿಸಿತು.