ಓದುಗರ ಪ್ರಶ್ನೆ: ಸೊನ್ನೆ ತೋರಿಸುವ ಗ್ಯಾಸ್ ಡಿಟೆಕ್ಟರನ್ನು ನಂಬಬಹುದೇ?

ಪ್ರಶ್ನೆ: ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿಯಲ್ಲಿ, ಸ್ಪೆಂಟ್ ವಾಶ್‌ನಿಂದ (ಮದ್ಯಸಾರ ಬಟ್ಟಿ ಇಳಿಸಿದ ಮೇಲೆ ಉಳಿಯುವ ತ್ಯಾಜ್ಯ ದ್ರವ) ಬಯೋಗ್ಯಾಸ್ ತೆಗೆಯುವ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ನಾಲ್ಕು ಅನಿಲಗಳನ್ನು ಅಳೆಯುವ ನಮ್ಮ ಡಿಟೆಕ್ಟರ್‌ಗೆ ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ (ಅಳತೆ ಸರಿಹೊಂದಿಸುವ ಕೆಲಸ) ಸರ್ಟಿಫಿಕೇಟ್ ಬರುವುದರಿಂದ ದಿನವೂ ಪರೀಕ್ಷಿಸಬೇಕಿಲ್ಲ ಎಂದು ಮೇಲ್ವಿಚಾರಕರು ಹೇಳುತ್ತಾರೆ. ಪರೀಕ್ಷಾ ಅನಿಲದ ಸಿಲಿಂಡರ್ ಅವಧಿಯೂ ಮುಗಿದಿದೆ. ಏನು ಮಾಡಬೇಕು?

ಉತ್ತರ: ಸರ್ಟಿಫಿಕೇಟ್ ಹೇಳುವುದು ಆ ಒಂದು ದಿನದ ಸ್ಥಿತಿಯನ್ನು ಮಾತ್ರ. ಮರುದಿನವೇ ಉಪಕರಣ ನೆಲಕ್ಕೆ ಬಿದ್ದಿರಬಹುದು, ಸೆನ್ಸರ್ ಮೇಲಿನ ಜಾಲರಿಯಲ್ಲಿ ಕೆಸರು ಕಟ್ಟಿರಬಹುದು, ಅಥವಾ ಯಾರೋ ಹತ್ತಿರದಲ್ಲಿ ಸಿಂಪಡಿಸಿದ ಸಿಲಿಕೋನ್ ಸ್ಪ್ರೇಯಿಂದ ಸುಡುವ ಅನಿಲದ ಸೆನ್ಸರ್ ಸತ್ತಿರಬಹುದು. ಈ ಮೂರೂ ಸಂದರ್ಭಗಳಲ್ಲಿ ಪರದೆ ಸೊನ್ನೆಯನ್ನೇ ತೋರಿಸುತ್ತಿರಬಹುದು. ಆದ್ದರಿಂದ ಪ್ರತಿದಿನ ಬಳಸುವ ಮುನ್ನ, ತಿಳಿದ ಪ್ರಮಾಣದ ಅನಿಲವನ್ನು ಸ್ವಲ್ಪ ಹೊತ್ತು ಹಾಯಿಸಿ, ಸೆನ್ಸರ್‌ಗಳು ಪ್ರತಿಕ್ರಿಯಿಸುತ್ತವೆಯೇ, ಅಲಾರಂ ಕೂಗುತ್ತದೆಯೇ ಎಂದು ನೋಡುವುದು ಅಗತ್ಯ; ಇದನ್ನೇ ಬಂಪ್ ಟೆಸ್ಟ್ ಎನ್ನುತ್ತಾರೆ. ಅದರಲ್ಲಿ ಉಪಕರಣ ಸೋತರೆ ಪೂರ್ಣ ಕ್ಯಾಲಿಬ್ರೇಷನ್ ಮಾಡಬೇಕು, ಅದರಲ್ಲೂ ಸೋತರೆ ಅದನ್ನು ಬಳಕೆಯಿಂದ ತೆಗೆಯಬೇಕು. ನಿಮ್ಮ ವಿಭಾಗದಲ್ಲಿ ಮೂಗನ್ನು ನಂಬುವಂತೆಯೂ ಇಲ್ಲ: ಸ್ಪೆಂಟ್ ವಾಶ್‌ನಲ್ಲಿರುವ ಸಲ್ಫೇಟ್‌ನಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 100 ಭಾಗ) ತಲುಪುವಷ್ಟರಲ್ಲಿ ವಾಸನೆ ಗ್ರಹಿಸುವ ಶಕ್ತಿಯನ್ನೇ ಕುಂದಿಸಿಬಿಡುತ್ತದೆ.

ಕ್ಯಾಲಿಬ್ರೇಷನ್‌ನಲ್ಲಿ ಹೆಚ್ಚು ಅಪಾಯಕಾರಿಯಾದ ತಪ್ಪು ಮೊದಲ ಹೆಜ್ಜೆಯಲ್ಲೇ ಆಗುತ್ತದೆ. ಶುದ್ಧ ಗಾಳಿಯಲ್ಲಿ ಸೊನ್ನೆಗೆ ಹೊಂದಿಸುವ ಬದಲು ಡೈಜೆಸ್ಟರ್ (ಬಯೋಗ್ಯಾಸ್ ಹುಟ್ಟುವ ಟ್ಯಾಂಕ್) ಪಕ್ಕದಲ್ಲೇ ಹೊಂದಿಸಿದಾಗ ಅಲ್ಲಿ 5 ಪಿಪಿಎಂ ಹೈಡ್ರೋಜನ್ ಸಲ್ಫೈಡ್ ಇದ್ದರೆ, ಉಪಕರಣ ಅದನ್ನೇ ಸೊನ್ನೆ ಎಂದು ತಿಳಿಯುತ್ತದೆ. ಮುಂದೆ ನಿಜವಾಗಿ 10 ಪಿಪಿಎಂ ಇದ್ದಾಗ 5 ಎಂದು ತೋರಿಸುತ್ತದೆ. ಆಮ್ಲಜನಕವನ್ನು 20.9 ಪ್ರತಿಶತಕ್ಕೆ ಹೊಂದಿಸುವಾಗಲೂ ಹೀಗೆಯೇ. ಘಟಕದಿಂದ ದೂರ, ಗಾಳಿ ಬೀಸಿ ಬರುತ್ತಿರುವ ಕಡೆಗೆ ಹೋಗಿ ಈ ಕೆಲಸ ಮಾಡಿ.

ಅವಧಿ ಮೀರಿದ ಸಿಲಿಂಡರ್ ಬಳಸಬೇಡಿ. ಹೈಡ್ರೋಜನ್ ಸಲ್ಫೈಡ್ ಕ್ರಿಯಾಶೀಲ ಅನಿಲವಾದ್ದರಿಂದ ಸಿಲಿಂಡರ್ ಒಳಗೇ ಕ್ರಮೇಣ ಕ್ಷೀಣಿಸುತ್ತದೆ. ಲೇಬಲ್ 25 ಪಿಪಿಎಂ ಎನ್ನುವಾಗ ಒಳಗೆ 18 ಉಳಿದಿದ್ದರೆ, ಉಪಕರಣ ಅದನ್ನೇ 25 ಎಂದು ಕಲಿತು ಮುಂದೆ ಎಲ್ಲವನ್ನೂ ಹೆಚ್ಚಾಗಿ ತೋರಿಸುತ್ತದೆ. ಇದು ಸುರಕ್ಷಿತ ಬದಿಯ ತಪ್ಪು ಎಂದು ವಾದಿಸುವವರಿದ್ದಾರೆ, ಆದರೆ ಪದೇ ಪದೇ ಸುಳ್ಳು ಅಲಾರಂ ಕೇಳಿದ ಕಾರ್ಮಿಕರು ಕೊನೆಗೆ ಅದನ್ನು ಆರಿಸಿ ಜೇಬಿನಲ್ಲಿಡುತ್ತಾರೆ. ಲೇಬಲ್‌ನ ಅಂಕಿ ಮತ್ತು ಉಪಕರಣದಲ್ಲಿ ನಮೂದಾದ ಅಂಕಿ ಒಂದೇ ಇವೆಯೇ ಎಂಬುದನ್ನೂ ನೋಡಿ: 2.5 ಪ್ರತಿಶತ ಮೀಥೇನ್ ಎಂದರೆ, ಸ್ಫೋಟದ ಕೆಳಮಿತಿಯನ್ನು (ಎಲ್‌ಇಎಲ್, ಅಂದರೆ ಗಾಳಿಯಲ್ಲಿ ಅನಿಲ ಹೊತ್ತಿಕೊಳ್ಳಬಲ್ಲ ಕನಿಷ್ಠ ಪ್ರಮಾಣ) 5 ಪ್ರತಿಶತ ಎಂದಿಟ್ಟುಕೊಂಡ ಉಪಕರಣದಲ್ಲಿ ಎಲ್‌ಇಎಲ್‌ನ 50 ಪ್ರತಿಶತ, 4.4 ಎಂದಿಟ್ಟುಕೊಂಡದ್ದರಲ್ಲಿ ಸುಮಾರು 57. ಪಂಪ್ ಇರುವ ಉಪಕರಣಕ್ಕೆ ಅದು ಎಳೆದಷ್ಟೇ ಅನಿಲ ಕೊಡುವ ಡಿಮಾಂಡ್ ರೆಗ್ಯುಲೇಟರ್ ಬೇಕು. ಪಂಪ್ ಇಲ್ಲದ್ದಕ್ಕೆ ತಯಾರಕರು ಹೇಳಿದ ಸ್ಥಿರ ಹರಿವು, ಅಂದರೆ ಅನೇಕ ಮಾದರಿಗಳಲ್ಲಿ ನಿಮಿಷಕ್ಕೆ 0.5 ಲೀಟರ್ ಬೇಕು. ಕೊಳವೆ ಚಿಕ್ಕದಾಗಿರಲಿ, ಏಕೆಂದರೆ ಸಾಮಾನ್ಯ ರಬ್ಬರ್ ಹೈಡ್ರೋಜನ್ ಸಲ್ಫೈಡನ್ನು ಹೀರಿಕೊಳ್ಳುತ್ತದೆ.

ಪ್ರಶ್ನೆ: ನೈಟ್ರೋಜನ್ ವಿಷವಲ್ಲ, ಉರಿಯುವುದೂ ಇಲ್ಲ. ಅದರ ದೊಡ್ಡ ಸಿಲಿಂಡರ್‌ಗಳನ್ನು ಮುಚ್ಚಿದ ಸ್ಟೋರ್ ರೂಮಿನಲ್ಲಿಡಬಹುದಲ್ಲವೇ? (ಹೊಸಪೇಟೆಯ ಓದುಗರು)

ಉತ್ತರ: ಇಡಬಾರದು. ಸುಮಾರು 7 ಘನಮೀಟರ್ ಅನಿಲ ಹಿಡಿಯುವ ಒಂದು ಸಿಲಿಂಡರ್, ಉದ್ದ, ಅಗಲ, ಎತ್ತರ ಮೂರೂ 3 ಮೀಟರ್ ಇರುವ ಕೋಣೆಯಲ್ಲಿ ನಿಧಾನವಾಗಿ ಸೋರಿ ಖಾಲಿಯಾದರೆ, ಆಮ್ಲಜನಕ 20.9ರಿಂದ ಸುಮಾರು 16 ಪ್ರತಿಶತಕ್ಕೆ ಇಳಿಯುತ್ತದೆ. ವಾಸನೆಯಿಲ್ಲದ್ದರಿಂದ ಒಳಗೆ ಹೋದವರಿಗೆ ಯಾವ ಸುಳಿವೂ ಸಿಗುವುದಿಲ್ಲ. ಗಾಳಿಯಾಡುವ, ನೆರಳಿರುವ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ ಸರಪಳಿ ಕಟ್ಟಿ, ಬಳಸದಿರುವಾಗ ವಾಲ್ವ್ ಮೇಲೆ ಕ್ಯಾಪ್ ಹಾಕಿಡಿ. ಆಮ್ಲಜನಕದ ಸಿಲಿಂಡರ್‌ಗಳನ್ನು ಉರಿಯುವ ಅನಿಲಗಳಿಂದ ದೂರವಿಡಬೇಕು. ಅವುಗಳ ವಾಲ್ವ್ ಮತ್ತು ರೆಗ್ಯುಲೇಟರ್‌ಗೆ ಎಣ್ಣೆ, ಗ್ರೀಸ್ ಸೋಕಬಾರದು. ಅಸಿಟಿಲೀನ್‌ನಂಥ ಉರಿಯುವ ಅನಿಲಗಳ ಸಿಲಿಂಡರ್‌ಗೆ ಎಡತಿರುಪು (ಲೆಫ್ಟ್-ಹ್ಯಾಂಡ್ ಥ್ರೆಡ್) ಇರುವುದು ಬೇರೆ ರೆಗ್ಯುಲೇಟರ್ ಕೂಡದಿರಲಿ ಎಂದೇ. ಅದು ಹೊಂದುತ್ತಿಲ್ಲವೆಂದು ಅಡಾಪ್ಟರ್ ಹುಡುಕಲು ಹೋಗಬೇಡಿ.